ಪ್ಯಾಕ್-12ಗೆ ಇನ್ನೂ ಯಾರು ಬೇಕು? ಜೋಡಿ ನೋಡಿ ಸೇರಿಸಲಿ

ನಿಮ್ಮ ಪ್ರಶ್ನೆ ಇದು: ಅಮೆರಿಕದ ಕಾಲೇಜು ಕ್ರೀಡೆಯ ಪ್ಯಾಕ್-12 ಕಾನ್ಫರೆನ್ಸ್ 2026ರ ಜುಲೈ 1ರಿಂದ ಹೊಸ ತಂಡಗಳ ಜೊತೆ ಮತ್ತೆ ಶುರು, ಮುಂದೆ ಇನ್ನೂ ಬೆಳೆಯಬೇಕಾದರೆ ಯಾವ ಯೂನಿವರ್ಸಿಟಿಗಳನ್ನು ಸೇರಿಸಿಕೊಳ್ಳಬೇಕು, ಮೆಂಫಿಸ್ ಮತ್ತು ಟುಲೇನ್ ಬಂದರೆ ಒಳ್ಳೆಯದಲ್ವಾ?

ನನ್ನ ಉತ್ತರ: ಮೆಂಫಿಸ್ ಬೇಡ, ಟುಲೇನ್ ಬೇಡ. ವೈಯೋಮಿಂಗ್ ಬೇಕು, ಸ್ಯಾನ್ ಆಂಟೋನಿಯೊದ ಯುಟಿಎಸ್‌ಎ ಬೇಕು, ಲಾಸ್ ವೇಗಸ್‌ನ ಯುಎನ್‌ಎಲ್‌ವಿ ಬೇಕು. ಫುಟ್‌ಬಾಲ್ ತಂಡವೇ ಇಲ್ಲದ ಸೇಂಟ್ ಮೇರೀಸ್ ಕೂಡ ಬೇಕು. (ಇಲ್ಲಿ ಫುಟ್‌ಬಾಲ್ ಅಂದರೆ ಅಮೆರಿಕನ್ ಫುಟ್‌ಬಾಲ್.) ವೈಯೋಮಿಂಗ್ ಹೆಸರು ಕೇಳಿ ಹುಬ್ಬೇರಿಸುವವರು ಜಾಸ್ತಿ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಕಾನ್ಫರೆನ್ಸ್ ಅಂದರೆ ಏನು ಅಂತ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ದಕ್ಷಿಣ ವಲಯ, ಪಶ್ಚಿಮ ವಲಯ ಅಂತ ಇದೆಯಲ್ಲ, ಮೊದಲು ವಲಯದೊಳಗೆ ಆಡಿ ಆಮೇಲೆ ಅಖಿಲ ಭಾರತ ಮಟ್ಟಕ್ಕೆ ಹೋಗುತ್ತಾರಲ್ಲ, ಕಾನ್ಫರೆನ್ಸ್ ಹುಟ್ಟಿದ್ದೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ. ಹತ್ತಿರದ ಯೂನಿವರ್ಸಿಟಿಗಳು ಸೇರಿ ಮಾಡಿಕೊಂಡ ಗುಂಪು. ಆದರೆ ಇಲ್ಲಿ ಯಾವ ಗುಂಪಿಗೆ ಸೇರಬೇಕು ಅಂತ ಯೂನಿವರ್ಸಿಟಿಗಳೇ ತೀರ್ಮಾನ ಮಾಡುತ್ತವೆ. ಟಿವಿ ಕಂಪನಿಗಳ ಜೊತೆ ಮಾತಾಡಿ ದುಡ್ಡು ತಂದು ಹಂಚುವುದೂ ಆ ಗುಂಪೇ. ಆ ದುಡ್ಡೇ ಎಲ್ಲವನ್ನೂ ಕೆಡಿಸಿತು.

ಪ್ಯಾಕ್-12ರ ಬೇರು 1915ರದು. ಅದು ಮುರಿದು ಬೀಳಲು ಒಂದೂವರೆ ವರ್ಷವೂ ಬೇಕಾಗಲಿಲ್ಲ. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ಎರಡೂ ಬಿಗ್ ಟೆನ್ ಅನ್ನುವ ಬೇರೆ ಕಾನ್ಫರೆನ್ಸ್‌ಗೆ ಹೋಗುತ್ತೇವೆ ಅಂದವು. 2023ರ ಜುಲೈಯಲ್ಲಿ ಕೊಲರಾಡೊ ಬಿಗ್ 12 ಅನ್ನುವ ಇನ್ನೊಂದು ಕಾನ್ಫರೆನ್ಸ್‌ಗೆ ಹೊರಟಿತು. ಆಗಸ್ಟ್ 4ರಂದು ಒಂದೇ ದಿನ ಐದು ಯೂನಿವರ್ಸಿಟಿಗಳು ಕೈ ಬಿಟ್ಟವು: ಆರೆಗನ್, ವಾಷಿಂಗ್ಟನ್ ಬಿಗ್ ಟೆನ್‌ಗೆ, ಅರಿಝೋನ, ಅರಿಝೋನ ಸ್ಟೇಟ್, ಯೂಟಾ ಬಿಗ್ 12ಗೆ. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ಕ್ಯಾಲ್ ಎಸಿಸಿ ಸೇರಿದವು. ಎಸಿಸಿ ಅಂದರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್. ಈ ಎರಡೂ ಇರುವುದು ಪೆಸಿಫಿಕ್ ಕಡಲಿನ ಪಕ್ಕದಲ್ಲಿ. ಕೊನೆಗೆ ಉಳಿದವರು ಇಬ್ಬರೇ, ವಾಷಿಂಗ್ಟನ್ ಸ್ಟೇಟ್ ಮತ್ತು ಆರೆಗನ್ ಸ್ಟೇಟ್. ಇಬ್ಬರೂ ಚಿಕ್ಕ ಊರಿನವರು, ಇಬ್ಬರನ್ನೂ ಯಾರೂ ಕರೆಯಲಿಲ್ಲ.

ಆ ಇಬ್ಬರೂ ಹಠ ಹಿಡಿದು ಹೆಸರು ಉಳಿಸಿಕೊಂಡರು. 2024ರ ಸೆಪ್ಟೆಂಬರ್‌ನಲ್ಲಿ ಮೌಂಟನ್ ವೆಸ್ಟ್ ಕಾನ್ಫರೆನ್ಸ್‌ನಿಂದ ಬಾಯ್ಸಿ ಸ್ಟೇಟ್, ಕೊಲರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್ ಬಂದವು, ಹಿಂದೆಯೇ ಯೂಟಾ ಸ್ಟೇಟ್. ಅಕ್ಟೋಬರ್‌ನಲ್ಲಿ ಬಾಸ್ಕೆಟ್‌ಬಾಲ್‌ಗೆ ಹೆಸರಾದ ಗೊನ್ಜಾಗ ಒಪ್ಪಿತು, ಅವರಿಗೆ ಫುಟ್‌ಬಾಲ್ ಇಲ್ಲ. ದೊಡ್ಡ ಮಟ್ಟದ ಫುಟ್‌ಬಾಲ್ ಕಾನ್ಫರೆನ್ಸ್ ಅನ್ನಿಸಿಕೊಳ್ಳಲು ಕನಿಷ್ಠ 8 ತಂಡ ಬೇಕು, ಇದ್ದದ್ದು 7. ಅದಕ್ಕೆ 2025ರ ಜೂನ್ 30ರಂದು ಟೆಕ್ಸಾಸ್ ಸ್ಟೇಟ್ ಸೇರಿಸಿಕೊಂಡರು. ಇಲ್ಲಿಗೆ ಒಟ್ಟು 9.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಸಾಮಾನ್ಯವಾಗಿ ಈ ಚರ್ಚೆಯಲ್ಲಿ ಎಲ್ಲರೂ ನೋಡುವುದು ಎರಡೇ: ಆ ಊರಲ್ಲಿ ಎಷ್ಟು ಟಿವಿಗಳಿವೆ, ಫುಟ್‌ಬಾಲ್ ತಂಡ ಹೇಗಿದೆ. ಹಳೇ ಪ್ಯಾಕ್-12 ಬೆಳೆದಿದ್ದು ಹೀಗಲ್ಲ. ಅದು ಬೆಳೆದಿದ್ದು ಜೋಡಿಯಾಗಿ. 1978ರಲ್ಲಿ ಅರಿಝೋನ ಮತ್ತು ಅರಿಝೋನ ಸ್ಟೇಟ್ ಒಟ್ಟಿಗೆ ಬಂದು ಪ್ಯಾಕ್-10 ಆಯಿತು. 2011ರಲ್ಲಿ ಕೊಲರಾಡೊ ಮತ್ತು ಯೂಟಾ ಒಟ್ಟಿಗೆ ಬಂದು ಪ್ಯಾಕ್-12 ಆಯಿತು. ವಾಷಿಂಗ್ಟನ್‌ನ ಎರಡು, ಆರೆಗನ್‌ನ ಎರಡು, ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಎರಡು, ಲಾಸ್ ಏಂಜಲೀಸ್‌ನ ಎರಡು. ಬಾಸ್ಕೆಟ್‌ಬಾಲ್ ವೇಳಾಪಟ್ಟಿಯೂ ಅದೇ ಪ್ರಕಾರ: ಒಂದು ವಾರ ಅರಿಝೋನಕ್ಕೆ ಹೋದರೆ ಗುರುವಾರ ಒಬ್ಬರ ಜೊತೆ, ಶನಿವಾರ ಇನ್ನೊಬ್ಬರ ಜೊತೆ ಆಡಿ ಮನೆಗೆ ವಾಪಸ್. ಒಂದು ಪ್ರಯಾಣ, ಎರಡು ಮ್ಯಾಚ್.

ನಾನು ಪುಲ್‌ಮನ್‌ನಲ್ಲಿ ಎಂ.ಎಸ್. ಓದುವಾಗ ಲ್ಯಾಬ್ ಕ್ಲಾಸಿಗೆ ಟೀಚಿಂಗ್ ಅಸಿಸ್ಟೆಂಟ್ ಆಗಿದ್ದೆ. ವಾಷಿಂಗ್ಟನ್ ಸ್ಟೇಟ್ ಇರುವ ಊರು ಅದು, ಸುತ್ತ ಕಣ್ಣು ಹಾಯಿಸಿದಷ್ಟು ದೂರ ಗೋಧಿ ಹೊಲ. ಸೆಮಿಸ್ಟರ್ ಶುರುವಿನಲ್ಲೇ ಆಟಗಾರ ಮಕ್ಕಳು ಒಂದು ಪತ್ರ ತಂದು ಕೊಡುತ್ತಿದ್ದರು, ಯಾವ ಯಾವ ದಿನ ಕ್ಲಾಸಿಗೆ ಬರಲು ಆಗುವುದಿಲ್ಲ ಅಂತ ಅದರಲ್ಲಿ ಬರೆದಿರುತ್ತಿತ್ತು. ವಾಲಿಬಾಲ್ ಆಡುವ ಒಬ್ಬ ಹುಡುಗಿಯ ಪತ್ರ ಇನ್ನೂ ನೆನಪಿದೆ. ಗುರುವಾರ ಮಧ್ಯಾಹ್ನ ಹೊರಡುವುದು, ಶುಕ್ರವಾರ ಬರ್ಕ್ಲಿ, ಭಾನುವಾರ ಸ್ಟ್ಯಾನ್‌ಫರ್ಡ್, ಅವತ್ತೇ ರಾತ್ರಿ ವಾಪಸ್. ಬರ್ಕ್ಲಿಯಿಂದ ಸ್ಟ್ಯಾನ್‌ಫರ್ಡ್‌ಗೆ ಸುಮಾರು 65 ಕಿಲೋಮೀಟರ್, ಬಸ್ಸಿನಲ್ಲೇ ಹೋಗುತ್ತಾರೆ. ತಪ್ಪುವುದು ಒಂದು ಲ್ಯಾಬ್ ಅಷ್ಟೇ, ಸೋಮವಾರ ಬೆಳಿಗ್ಗೆ ಬಂದು ಕೂತು ಅದನ್ನು ಮುಗಿಸುತ್ತಿದ್ದಳು. ಆ ಪತ್ರದಲ್ಲಿ ಬೇ ಏರಿಯಾಕ್ಕೆ ಇನ್ನೊಂದು ಸಲ ಹೋಗುವ ಸಾಲು ಇರಲಿಲ್ಲ. ಜೋಡಿಯ ಲಾಭ ಅದೇ.

ಈಗ ನೋಡಿ. ಕ್ಯಾಲ್ ಮತ್ತು ಸ್ಟ್ಯಾನ್‌ಫರ್ಡ್ ಮಕ್ಕಳು ಬಾಸ್ಟನ್‌ಗೂ ಫ್ಲಾರಿಡಾಗೂ ಹಾರಬೇಕು, ಮೂರು ಗಂಟೆ ಗಡಿಯಾರ ಮುಂದೆ. ಇಷ್ಟಕ್ಕೂ ಮೊದಲ ಏಳು ವರ್ಷ ಅವರಿಗೆ ಎಸಿಸಿಯ ಟಿವಿ ದುಡ್ಡಿನಲ್ಲಿ ಸುಮಾರು 30 ಪರ್ಸೆಂಟ್ ಪಾಲು ಮಾತ್ರ. ಬೇ ಏರಿಯಾದಲ್ಲಿರುವ ನಮ್ಮ ಕನ್ನಡದವರಲ್ಲಿ ಮಕ್ಕಳನ್ನು ಈಜಿಗೆ, ಟೆನಿಸ್‌ಗೆ ಹಾಕುವವರು ಎಷ್ಟೋ ಜನ ಇದ್ದಾರೆ. ಅವರು ಇದನ್ನು ಗಮನಿಸಬೇಕು. ಫುಟ್‌ಬಾಲ್‌ನವರು ಹೊರ ಊರಿಗೆ ಹೋಗುವುದು ವರ್ಷಕ್ಕೆ ಐದಾರು ಸಲ, ಅದೂ ತಮ್ಮದೇ ಚಾರ್ಟರ್ ವಿಮಾನದಲ್ಲಿ, ಹೆಚ್ಚಾಗಿ ವಾರದ ಕೊನೆಗೆ. ವಾಲಿಬಾಲ್, ಸಾಫ್ಟ್‌ಬಾಲ್, ಟೆನಿಸ್ ಮಕ್ಕಳು ಹೋಗುವುದು ಅದಕ್ಕಿಂತ ತುಂಬ ಜಾಸ್ತಿ, ಸಾಮಾನ್ಯ ವಿಮಾನದಲ್ಲಿ, ಲೇಓವರ್ ಕಾಯುತ್ತಾ. ಫುಟ್‌ಬಾಲ್ ಟಿವಿ ದುಡ್ಡಿಗಾಗಿ ಮಾಡಿದ ಒಪ್ಪಂದದ ಭಾರ ಹೊರುವವರು ಇವರು. ನನಗೆ ಇದು ಸರಿ ಅನ್ನಿಸಿಯೇ ಇಲ್ಲ.

ಹೊಸ ಪ್ಯಾಕ್-12ರ ಭೂಪಟ ಬಿಡಿಸಿ ಜೋಡಿ ಹುಡುಕಿ. ವಾಷಿಂಗ್ಟನ್ ಸ್ಟೇಟ್‌ಗೆ ಗೊನ್ಜಾಗ ಇದೆ, ಪುಲ್‌ಮನ್‌ನಿಂದ ಸ್ಪೋಕೇನ್‌ಗೆ ಸುಮಾರು 120 ಕಿಲೋಮೀಟರ್, ಒಳ್ಳೆಯ ಜೋಡಿ. ಬಾಯ್ಸಿ ಮತ್ತು ಯೂಟಾ ಸ್ಟೇಟ್ ನಡುವೆ ನಾಲ್ಕು ಗಂಟೆಗೂ ಜಾಸ್ತಿ ದಾರಿ, ಆದರೂ ನಡೆಯುತ್ತದೆ. ಕೊಲರಾಡೊ ಸ್ಟೇಟ್ ಒಂಟಿ. ಟೆಕ್ಸಾಸ್ ಸ್ಟೇಟ್ ಪೂರಾ ಒಂಟಿ. ಈ ಒಂಟಿಗಳಿಗೆ ಜೊತೆ ಹುಡುಕುವುದೇ ವಿಸ್ತರಣೆಯ ಕೆಲಸ ಆಗಬೇಕು.

ಕೊಲರಾಡೊ ಸ್ಟೇಟ್ ಇರುವ ಫೋರ್ಟ್ ಕಾಲಿನ್ಸ್‌ನಿಂದ ವೈಯೋಮಿಂಗ್ ಇರುವ ಲಾರಮಿಗೆ ಸುಮಾರು 105 ಕಿಲೋಮೀಟರ್. ಡೆನ್ವರ್‌ನಲ್ಲಿ ಇಳಿದು ಒಂದು ಬಸ್ ಹತ್ತಿದರೆ ಎರಡೂ ಕಡೆ ಆಡಿ ಬರಬಹುದು. ಇವರಿಬ್ಬರ ಫುಟ್‌ಬಾಲ್ ಪೈಪೋಟಿ 1899ರಿಂದ ಇದೆ. ಗೆದ್ದವರಿಗೆ ಕಂಚಿನ ಬೂಟು. ವಿಯೆಟ್ನಾಂ ಯುದ್ಧದಲ್ಲಿ ಒಬ್ಬ ಸೇನಾಧಿಕಾರಿ ಹಾಕಿಕೊಂಡಿದ್ದ ನಿಜವಾದ ಬೂಟಿಗೆ ಕಂಚು ಹಿಡಿಸಿ 1968ರಿಂದ ಟ್ರೋಫಿಯಾಗಿ ಕೊಡುತ್ತಿದ್ದಾರೆ. ಮ್ಯಾಚಿನ ಚೆಂಡನ್ನು ಒಂದು ಯೂನಿವರ್ಸಿಟಿಯ ಸೈನಿಕ ತರಬೇತಿ ಕೆಡೆಟ್‌ಗಳು ಹೆದ್ದಾರಿ 287ರಲ್ಲಿ ಓಡಿಕೊಂಡು ರಾಜ್ಯದ ಗಡಿಯವರೆಗೆ ತರುತ್ತಾರೆ. ಗಡಿಯಲ್ಲಿ ಇನ್ನೊಂದು ಕಡೆಯ ಕೆಡೆಟ್‌ಗಳು ನಿಂತಿರುತ್ತಾರೆ, ಚೆಂಡು ಇಸಿದುಕೊಂಡು ಅಲ್ಲಿಂದ ಅವರು ಓಡುತ್ತಾರೆ. ಇಂಥದ್ದನ್ನು ಯಾವ ಟಿವಿ ಕಂಪನಿಯೂ ದುಡ್ಡು ಕೊಟ್ಟು ಹುಟ್ಟಿಸಲಾರದು. ಒಂದೇ ಕಾನ್ಫರೆನ್ಸ್‌ನಲ್ಲಿ ಇಲ್ಲದಿದ್ದರೆ ಇದನ್ನು ಪ್ರತಿ ವರ್ಷ ಆಡಲೇಬೇಕು ಅನ್ನುವ ಖಾತರಿ ಹೋಗುತ್ತದೆ.

ವೈಯೋಮಿಂಗ್ ಬೇಡ ಅನ್ನುವವರ ವಾದ ಒಂದೇ, ಜನ ಇಲ್ಲ. ನಿಜ, ಅಮೆರಿಕದ ರಾಜ್ಯಗಳಲ್ಲೇ ಅತಿ ಕಡಿಮೆ ಜನ ಇರುವ ರಾಜ್ಯ ಅದು, 6 ಲಕ್ಷವೂ ಇಲ್ಲ. ಆದರೆ ಇಡೀ ರಾಜ್ಯಕ್ಕೆ ಇರುವುದು ಅದೊಂದೇ ನಾಲ್ಕು ವರ್ಷದ ಸರ್ಕಾರಿ ಯೂನಿವರ್ಸಿಟಿ, ಇರುವ ಜನರೆಲ್ಲ ಅದೇ ತಂಡದ ಕಡೆ. 7200 ಅಡಿ ಎತ್ತರದ ಆ ಮೈದಾನಕ್ಕೆ ಬಂದು ಆಡುವುದು ಯಾರಿಗೂ ಸುಲಭ ಅಲ್ಲ. ಊರು ಚಿಕ್ಕದು ಅಂತ ವಾಷಿಂಗ್ಟನ್ ಸ್ಟೇಟ್ ಮತ್ತು ಆರೆಗನ್ ಸ್ಟೇಟ್‌ಗಳನ್ನು ಬಿಟ್ಟು ಹೋದರಲ್ಲ, ಅದೇ ಕಾರಣ ಕೊಟ್ಟು ಈಗ ಇವರು ವೈಯೋಮಿಂಗ್‌ಗೆ ಬಾಗಿಲು ಮುಚ್ಚಬಾರದು.

ಟೆಕ್ಸಾಸ್ ಸ್ಟೇಟ್ ಇರುವುದು ಸ್ಯಾನ್ ಮಾರ್ಕೊಸ್‌ನಲ್ಲಿ. ಅಲ್ಲಿಂದ ಸ್ಯಾನ್ ಆಂಟೋನಿಯೊಗೆ 80 ಕಿಲೋಮೀಟರ್, ಒಂದೇ ಹೆದ್ದಾರಿ. ಯುಟಿಎಸ್‌ಎ ಫುಟ್‌ಬಾಲ್ ಶುರು ಮಾಡಿದ್ದೇ 2011ರಲ್ಲಿ, ಮೊದಲ ಮ್ಯಾಚಿಗೇ ಅಲಮೊಡೋಮ್ ಸ್ಟೇಡಿಯಂಗೆ 56 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. 2024ರಲ್ಲಿ ಪ್ಯಾಕ್-12 ಕಣ್ಣು ಹಾಕಿದಾಗ ಮೆಂಫಿಸ್, ಟುಲೇನ್, ಸೌತ್ ಫ್ಲಾರಿಡಾ ಜೊತೆ ಯುಟಿಎಸ್‌ಎ ಕೂಡ ತಮ್ಮ ಅಮೆರಿಕನ್ ಕಾನ್ಫರೆನ್ಸ್‌ನಲ್ಲೇ ಉಳಿಯುತ್ತೇವೆ ಅಂತ ಹೇಳಿತು. ಆಗ ಟೆಕ್ಸಾಸ್‌ನಲ್ಲಿ ಪ್ಯಾಕ್-12ಗೆ ಯಾರೂ ಇರಲಿಲ್ಲ. ಈಗ ಪಕ್ಕದ ಊರಿನವರು ಇದ್ದಾರೆ, ಮತ್ತೆ ಕೇಳಲು ಇದು ಸರಿಯಾದ ಕಾರಣ.

ಯುಎನ್‌ಎಲ್‌ವಿ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಲಾಸ್ ವೇಗಸ್‌ಗೆ ಎಲ್ಲ ಕಡೆಯಿಂದ ನೇರ ವಿಮಾನ ಇದೆ, ಒಳ್ಳೆಯ ಸ್ಟೇಡಿಯಂ ಇದೆ, 1990ರಲ್ಲಿ ಬಾಸ್ಕೆಟ್‌ಬಾಲ್ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಹೆಸರಿದೆ. ಸ್ಯಾನ್ ಡಿಯಾಗೊಗೆ ಜೊತೆ ಆಗುತ್ತದೆ. ಸೇಂಟ್ ಮೇರೀಸ್ ಇರುವುದು ಓಕ್‌ಲೆಂಡ್ ಪಕ್ಕದ ಮೊರಾಗದಲ್ಲಿ. ಗೊನ್ಜಾಗ ಇಷ್ಟು ವರ್ಷ ಬಾಸ್ಕೆಟ್‌ಬಾಲ್‌ನಲ್ಲಿ ಬೆವರು ಸುರಿಸಿದ್ದು ಇವರ ಎದುರಿಗೇ. ಫ್ರೆಸ್ನೊ ಜೊತೆ ಜೋಡಿ ಮಾಡಿದರೆ ಬಸ್ಸಿನಲ್ಲೇ ಮುಗಿಯುತ್ತದೆ.

ಆರೆಗನ್ ಸ್ಟೇಟ್‌ಗೆ ಮಾತ್ರ ಸರಿಯಾದ ಜೋಡಿ ಸಿಗುವುದಿಲ್ಲ, ಅದು ನೋವಿನ ವಿಷಯ. ಅವರ ನಿಜವಾದ ಜೋಡಿ ಆರೆಗನ್ 65 ಕಿಲೋಮೀಟರ್ ಆಚೆ ಯೂಜೀನ್‌ನಲ್ಲಿದೆ, ಬಿಗ್ ಟೆನ್‌ನಲ್ಲಿ ಆಡುತ್ತಿದೆ. ಆರೆಗನ್ ಸ್ಟೇಟ್‌ನ ಬೇಸ್‌ಬಾಲ್ ತಂಡ 2025ರಲ್ಲಿ ಯಾವ ಕಾನ್ಫರೆನ್ಸೂ ಇಲ್ಲದೆ ಆಡಿ ಒಮಾಹಾದ ಕಾಲೇಜ್ ವರ್ಲ್ಡ್ ಸೀರೀಸ್‌ವರೆಗೆ ಹೋಯಿತು. ಅಂಥ ಮಕ್ಕಳಿಗೆ ಕಡೇಪಕ್ಷ ಪುಲ್‌ಮನ್, ಸ್ಪೋಕೇನ್ ಜೊತೆ ಮೂವರ ಗುಂಪು ಮಾಡಿ ಕೊಡಬಹುದು.

ಮೆಂಫಿಸ್ ಯಾಕೆ ಬೇಡ ಅಂದೆ ಅಂದರೆ, ಆ ಊರಿಗೂ ಪುಲ್‌ಮನ್‌ಗೂ 2400 ಕಿಲೋಮೀಟರ್‌ಗಿಂತ ಜಾಸ್ತಿ ದೂರ, ಮತ್ತು ಅವರ ಕಣ್ಣು ಮೊದಲಿನಿಂದಲೂ ಬಿಗ್ 12 ಮೇಲೆ. ಕರೆ ಬಂದ ದಿನ ಹೊರಟುಬಿಡುತ್ತಾರೆ. ಟುಲೇನ್‌ಗೂ ಇದೇ ದೂರದ ಮಾತು. ತಂಡ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಬಾಯ್ಸಿ ಸ್ಟೇಟ್ 2024ರಲ್ಲಿ ಮೌಂಟನ್ ವೆಸ್ಟ್‌ನಲ್ಲಿದ್ದುಕೊಂಡೇ 12 ತಂಡಗಳ ರಾಷ್ಟ್ರೀಯ ಪ್ಲೇಆಫ್‌ಗೆ ಹೋಗಿತ್ತಲ್ಲ. ಅದಕ್ಕೆ ಟೆನೆಸ್ಸಿಯಿಂದ ಯಾರನ್ನೂ ತರಬೇಕಾಗಿರಲಿಲ್ಲ.

ಅಡ್ಡಿ ಇರುವುದು ಕಾಗದದಲ್ಲಿ. ಯುಎನ್‌ಎಲ್‌ವಿ, ವೈಯೋಮಿಂಗ್ ಎರಡೂ ಮೌಂಟನ್ ವೆಸ್ಟ್‌ನಲ್ಲಿ 2032ರವರೆಗೆ ಇರುತ್ತೇವೆ ಅಂತ ಸಹಿ ಹಾಕಿವೆ. ಐದು ತಂಡ ಎಳೆದುಕೊಂಡಿದ್ದಕ್ಕೆ 5.5 ಕೋಟಿ ಡಾಲರ್ ಕೊಡಿ ಅಂತ ಮೌಂಟನ್ ವೆಸ್ಟ್ ಕೇಳಿ, ಪ್ಯಾಕ್-12 ಕೋರ್ಟಿಗೆ ಹೋಗಿ, ಎರಡೂ ಕಡೆ ಮನಸ್ಸು ಕೆಟ್ಟಿದೆ. ಆದರೆ ಸಿಬಿಎಸ್ ಜೊತೆಗಿನ ಪ್ಯಾಕ್-12ರ ಟಿವಿ ಒಪ್ಪಂದವೂ 2031ರವರೆಗೆ. ಎರಡೂ ಕಾಗದ ಮುಗಿಯುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಯುಟಿಎಸ್‌ಎ, ಸೇಂಟ್ ಮೇರೀಸ್ ಜೊತೆ ಈಗಲೇ ಮಾತಾಡಲಿ. ವೈಯೋಮಿಂಗ್, ಯುಎನ್‌ಎಲ್‌ವಿ ಜೊತೆ ಅಲ್ಲಿಯವರೆಗೆ ಮ್ಯಾಚ್‌ಗಳನ್ನು ನಿಲ್ಲಿಸದೆ ಆಡುತ್ತಾ ಇರಲಿ, ಕಂಚಿನ ಬೂಟಿನ ಮ್ಯಾಚನ್ನಂತೂ ಒಂದು ವರ್ಷವೂ ಬಿಡಬಾರದು.