ಗುಬ್ಬಕ್ಕ ಹೇಳಿದ್ದು ನಿಜಾನಾ, ಸುಳ್ಳಾ?

ನಾಲ್ಕು ವರ್ಷದ ಮಗಳಿಗೆ ಪುಸ್ತಕದಲ್ಲಿ ಇದ್ದದ್ದನ್ನು ಹಾಗೇ ಓದಿ ಹೇಳಿದರೆ ಸಾಲದಾ, ದನಿ ಬದಲಿಸಿದರೆ, ಚಿತ್ರ ತೋರಿಸಿದರೆ ಅರ್ಥ ಏನು ಬದಲಾಗುತ್ತೆ ಅಂತ ಕೇಳಿದ್ದೀರಿ. ಕೆಲವು ಸಲ ಕಥೆಯೇ ಬದಲಾಗುತ್ತದೆ.

ಕಾಗಕ್ಕ ಗುಬ್ಬಕ್ಕನ ಕಥೆ ನೀವೂ ಕೇಳಿರುತ್ತೀರಿ. ಮಳೆಗೆ ಕಾಗಕ್ಕನ ಸಗಣಿ ಮನೆ ಕರಗಿ ಹೋಗುತ್ತದೆ. ನೆನೆದುಕೊಂಡು ಬಂದು, ‘ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ’ ಅನ್ನುತ್ತಾಳೆ. ಒಳಗಿಂದ, ‘ತಾಳು, ಮಗೂಗೆ ಸ್ನಾನ ಮಾಡಿಸ್ತಿದೀನಿ’. ಮತ್ತೆ ಕರೆದರೆ, ‘ತಾಳು, ಊಟ ಮಾಡಿಸ್ತಿದೀನಿ’. ಇನ್ನೊಂದು ಸಲ ಕರೆದರೆ, ‘ತಾಳು, ಮಲಗಿಸ್ತಿದೀನಿ’. ನಮ್ಮಜ್ಜಿ ಹೇಳುತ್ತಿದ್ದದ್ದು ಹೀಗೆ. ಗುಬ್ಬಕ್ಕ ಒಳ್ಳೆಯವಳಾ, ಕೆಟ್ಟವಳಾ ಅಂತ ಅಜ್ಜಿ ಯಾವತ್ತೂ ಹೇಳಲಿಲ್ಲ. ಎಲ್ಲ ಆ ‘ತಾಳು’ವಿನಲ್ಲೇ ಇತ್ತು. ಗಡಿಬಿಡಿಯಲ್ಲಿ ಅಂದರೆ ಕೈತುಂಬ ಕೆಲಸ ಇರುವ ತಾಯಿ. ‘ತಾ...ಳು’ ಅಂತ ರಾಗ ಎಳೆದರೆ ಬೇಕೂಂತಲೇ ಕಾಯಿಸುವ ಜಂಬಗಾತಿ.

ವಿಜಯನಗರದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಭಾನುವಾರ ಕಥೆ ಓದುತ್ತೇನೆ. ಒಮ್ಮೆ ಇದೇ ಕಥೆಯ ಪುಸ್ತಕ ಸಿಕ್ಕಿತ್ತು. ನಾನು ಪಾಪದ ಗುಬ್ಬಕ್ಕನಾಗಿ ‘ಸ್ನಾನ ಮಾಡಿಸ್ತಿದೀನಿ’ ಅಂದೆ. ಮುಂದೆ ಕೂತಿದ್ದ ಐದು ವರ್ಷದ ಹುಡುಗ ಪುಟದ ಮೇಲೆ ಬೆರಳಿಟ್ಟು, ‘ಆಂಟಿ, ಸುಳ್ಳು! ಮರಿ ಆಗ್ಲೇ ಮಲಗಿದೆ ನೋಡಿ’ ಅಂದ. ಹೌದು, ಮೂಲೆಯಲ್ಲಿ ಕಡಲೆಕಾಳಿನಷ್ಟು ಮರಿ, ಕಣ್ಣು ಮುಚ್ಚಿದೆ. ಚಿತ್ರ ಬರೆದವರು ಬೇಕೂಂತ ಇಟ್ಟರೋ, ಸುಮ್ನೆ ಇಟ್ಟರೋ! ಅಲ್ಲಿಂದ ಮುಂದೆ ನನ್ನ ಪಾಪದ ದನಿ ಯಾರೂ ನಂಬಲಿಲ್ಲ. ಮುಂದಿನ ‘ತಾಳು’ಗೆ ಎಲ್ಲರೂ ಸೇರಿ ‘ಸುಳ್ಳೂ...’ ಅಂತ ಕೂಗಿದರು.

ಇದನ್ನೇ ಜಾಣತನದಿಂದ ಮಾಡಿದ ಪುಸ್ತಕವೂ ಇದೆ. ಪ್ಯಾಟ್ ಹಚಿನ್ಸ್ ಅವರ ‘ರೋಸೀಸ್ ವಾಕ್’, 1968ರದ್ದು. ಕೋಳಿ ತನ್ನ ಪಾಡಿಗೆ ಸುತ್ತಾಡಲು ಹೋಗುತ್ತದೆ, ಹಿಂದೆ ನರಿ. ಆದರೆ ನರಿಯ ಬಗ್ಗೆ ಒಂದಕ್ಷರ ಬರೆದಿಲ್ಲ, ಅದು ಚಿತ್ರದಲ್ಲಿ ಮಾತ್ರ. ‘ಹಿಂದೆ ನರಿ ಇದೆ ನೋಡು’ ಅಂತ ನಾವು ಬಾಯಿ ಹಾಕಿದರೆ ಮಜವೇ ಹೋಯಿತು, ಅಲ್ವಾ?

ಮಾತಿನಲ್ಲೂ ಇಂಥ ಆಟ ಇದೆ. ‘ನರಿ ಬಂತು’ ಅಂದರೆ ಕಾಡಿನ ಪ್ರಾಣಿ. ‘ನರಿಯಣ್ಣ ಬಂದ’ ಅಂದರೆ ನಮ್ಮ ಬೀದಿಯವನೇ. ಇಲಿ ಸಿಂಹಕ್ಕೆ ‘ನೀವು’ ಅಂದರೆ ನಡುಕ, ‘ನೀನು’ ಅಂದರೆ ಸಲಿಗೆ. ಇಂಗ್ಲಿಷಿನಿಂದ ಬಂದ ಕಥೆಗಳಲ್ಲಿ ಇದನ್ನು ಅನುವಾದಕರೇ ಆರಿಸಬೇಕು, ಅಲ್ಲಿ ಎರಡಕ್ಕೂ ‘ಯೂ’ ಒಂದೇ. ಸರಿ ಅನ್ನಿಸದಿದ್ದರೆ ನಾನಂತೂ ಓದುವಾಗಲೇ ಬದಲಿಸಿಬಿಡುತ್ತೇನೆ.

ಪುಸ್ತಕ ಬೇಕಿದ್ದರೆ ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ನೋಡಿ. ಕನ್ನಡದ ಕಥೆಗಳು ಪುಕ್ಕಟೆ ಸಿಗುತ್ತವೆ. ಮೊದಲು ಅಕ್ಷರಕ್ಕೆ ಕೈ ಅಡ್ಡ ಇಟ್ಟು ಚಿತ್ರ ಮಾತ್ರ ತೋರಿಸಿ, ಕಥೆ ಮಗಳೇ ಹೇಳಲಿ. ಆಮೇಲೆ ನೀವು ಓದಿ. ಮೊಬೈಲಲ್ಲಿ ಮಾತ್ರ ಬೇಡ, ಅಷ್ಟು ಚಿಕ್ಕ ಪರದೆಯಲ್ಲಿ ಮೂಲೆಯಲ್ಲಿ ಮಲಗಿರೋ ಮರಿ ಕಾಣೋದೇ ಇಲ್ಲ.