ಬ್ಯಾಂಕಿಗೊಂದು ಲೆಕ್ಕ, ತೆರಿಗೆಗೊಂದು ಲೆಕ್ಕ ಮಾಡಿಕೊಡುವವರು ನಾವಲ್ಲ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಊರು ಬದಲಾಗುತ್ತದೆ, ವ್ಯಾಪಾರ ಬದಲಾಗುತ್ತದೆ, ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಈ ಸಲ ಮೊದಲು ಅದಕ್ಕೆ ಪೂರಾ ಉತ್ತರ ಬರೆದು ಮುಗಿಸುತ್ತೇನೆ, ಉಳಿದ ಪತ್ರಗಳಿಗೆ ಕೊನೆಯಲ್ಲಿ ಚುಟುಕು ಉತ್ತರ. ಜಿಎಸ್‌ಟಿ ಎಂದರೇನು, ರಿಟರ್ನ್ ಎಂದರೇನು ಎಂದು ಮೊದಲಿನಿಂದ ಹೇಳುವುದಿಲ್ಲ. ವ್ಯಾಪಾರಕ್ಕೆ ಕುಳಿತವರಿಗೆ ಅದು ಗೊತ್ತಿರಬೇಕು.

ಪ್ರಶ್ನೆ: ತುಮಕೂರಿನಲ್ಲಿ ನನ್ನದೊಂದು ಫ್ಯಾಬ್ರಿಕೇಷನ್ ಶೆಡ್ ಇದೆ. ವರ್ಷಕ್ಕೆ 90 ಲಕ್ಷ ರೂಪಾಯಿ ವಹಿವಾಟು. ಖರ್ಚು ಕಳೆದು 11 ಲಕ್ಷ ಉಳಿಯುತ್ತದೆ. ರಿಟರ್ನಿನಲ್ಲಿ 5.4 ಲಕ್ಷ ತೋರಿಸಿದ್ದೇನೆ. ಹೊಸ ಯಂತ್ರಕ್ಕೆ 15 ಲಕ್ಷ ಸಾಲ ಕೇಳಿದರೆ ಬ್ಯಾಂಕಿನವರು ಆಗದು ಎನ್ನುತ್ತಾರೆ. ಬ್ಯಾಂಕ್ ಒಪ್ಪುವಂಥ ಬ್ಯಾಲೆನ್ಸ್ ಶೀಟ್ ಮಾಡಿಸಲು ಎಷ್ಟು ಖರ್ಚಾಗುತ್ತದೆ?

ಉತ್ತರ: ಖರ್ಚಿನ ಮಾತು ಆಮೇಲೆ. ಮೊದಲು ಆ ಅಧಿಕಾರಿ ನಿಮ್ಮ ಕಾಗದ ಹಿಡಿದು ಏನು ಲೆಕ್ಕ ಹಾಕಿದರು ಎಂಬುದನ್ನು ನೋಡೋಣ. 15 ಲಕ್ಷ, ಐದು ವರ್ಷ, ಶೇ 11 ಬಡ್ಡಿ ಎಂದು ಹಿಡಿಯಿರಿ. ತಿಂಗಳ ಕಂತು ಸುಮಾರು 32,600 ರೂಪಾಯಿ, ವರ್ಷಕ್ಕೆ 3.9 ಲಕ್ಷ. ನಿಮ್ಮ ಆದಾಯ ನೀವೇ ಬರೆದುಕೊಟ್ಟಂತೆ 5.4 ಲಕ್ಷ. ಮನೆ ಖರ್ಚಿಗೆ ಮೂರು ಲಕ್ಷ ತೆಗೆದರೆ ಉಳಿಯುವುದು 2.4 ಲಕ್ಷ. ಅದರಲ್ಲಿ 3.9 ಲಕ್ಷ ಕಟ್ಟುವುದು ಹೇಗೆ? 11 ಲಕ್ಷ ಬರೆದಿದ್ದರೆ ಕಂತಿಗೆ ಎಂಟು ಲಕ್ಷ ಸಿಗುತ್ತಿತ್ತು, ಬೇಕಾದದ್ದರ ಎರಡರಷ್ಟು. ನಿಮ್ಮ ಕಡತವನ್ನು ತಿರಸ್ಕರಿಸಿದ್ದು ಬ್ಯಾಂಕಲ್ಲ, ನಿಮ್ಮದೇ ರಿಟರ್ನ್.

5.4 ಎಂಬ ಅಂಕಿ ಎಲ್ಲಿಂದ ಬಂತು ಎಂದು ನೀವು ಹೇಳದಿದ್ದರೂ ನನಗೆ ಗೊತ್ತು. 90 ಲಕ್ಷದ ಶೇ 6. ಅಂದಾಜು ತೆರಿಗೆಯ ಸೌಲಭ್ಯ, ಅಂದರೆ ವಹಿವಾಟಿನ ಒಂದು ಪಾಲನ್ನೇ ಆದಾಯವೆಂದು ಹಿಡಿಯುವ, 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 44ಎಡಿ ಕಲಂ ಎಂದಿದ್ದ ನಿಯಮ, ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಶೇ 6, ನಗದಿಗೆ ಶೇ 8 ಎನ್ನುತ್ತದೆ. ಆದರೆ ಅದೇ ವಾಕ್ಯದಲ್ಲಿ ‘ಅಥವಾ ಅದಕ್ಕಿಂತ ಹೆಚ್ಚು ಗಳಿಸಿದ್ದರೆ ಅಷ್ಟು’ ಎಂದೂ ಇದೆ. ಆ ಅರ್ಧ ವಾಕ್ಯವನ್ನು ಓದಿದ ವ್ಯಾಪಾರಿ ನನಗೆ ಇನ್ನೂ ಸಿಕ್ಕಿಲ್ಲ. ಶೇ 6 ಕನಿಷ್ಠ ಮಿತಿ. ನಮ್ಮ ಜನ ಅದನ್ನು ಗರಿಷ್ಠ ಮಾಡಿಕೊಂಡಿದ್ದಾರೆ.

ಇದರಲ್ಲಿ ಕರುಣಾಜನಕ ಸಂಗತಿ ಇನ್ನೊಂದಿದೆ. 2025–26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ವ್ಯಾಪಾರದ ಆದಾಯಕ್ಕೆ ರಿಬೇಟ್ ಕಳೆದು ಕಟ್ಟಬೇಕಾದ ತೆರಿಗೆ ಸೊನ್ನೆ. 5.4 ಲಕ್ಷ ತೋರಿಸಿದರೂ ಸೊನ್ನೆ, 11 ಲಕ್ಷ ತೋರಿಸಿದರೂ ಸೊನ್ನೆ. ಒಂದು ರೂಪಾಯಿ ತೆರಿಗೆಯೂ ಉಳಿಯದ ಕಡೆ ಆದಾಯ ಬಚ್ಚಿಟ್ಟು 15 ಲಕ್ಷದ ಸಾಲ ಕಳೆದುಕೊಂಡಿದ್ದೀರಿ. ಹಿಂದಿನ ವರ್ಷಗಳಲ್ಲಿ ತೆರಿಗೆ ಬೀಳುತ್ತಿತ್ತು, ಒಪ್ಪುತ್ತೇನೆ. ಈಗ ಉಳಿದಿರುವುದು ಬರೀ ಚಾಳಿ.

ಈಗ ‘ಬ್ಯಾಂಕ್ ಒಪ್ಪುವಂಥ’ ಬ್ಯಾಲೆನ್ಸ್ ಶೀಟಿನ ವಿಚಾರ. ಅಂಥದ್ದನ್ನು ಮಾಡಿಕೊಡುವವರು ಪ್ರತಿ ಊರಿನಲ್ಲೂ ಇದ್ದಾರೆ. ಕಚೇರಿಯ ಮುಂದಿನ ಬೋರ್ಡಿನಲ್ಲಿ ‘ಸಾಲದ ಸಲಹೆಗಾರರು’ ಎಂದಿರುತ್ತದೆ. ಅವರು ಕೊಡುವ ಹಾಳೆಯನ್ನು ಬ್ಯಾಂಕು ನಿಮ್ಮ ಜಿಎಸ್‌ಟಿ ರಿಟರ್ನ್, ಆದಾಯ ತೆರಿಗೆ ರಿಟರ್ನ್, ಖಾತೆಯ ಜಮೆ ಮೂರಕ್ಕೂ ತಾಳೆ ಹಾಕುತ್ತದೆ. ನಿಮ್ಮ ಒಪ್ಪಿಗೆ ಇದ್ದರೆ ಖಾತೆಯ ವಿವರ ಅಕೌಂಟ್ ಅಗ್ರಿಗೇಟರ್ ಎಂಬ, ಮಾಹಿತಿ ದಾಟಿಸುವ ಮಧ್ಯವರ್ತಿ ಸಂಸ್ಥೆಯ ಮೂಲಕ ನೇರವಾಗಿ ಬರುತ್ತದೆ, ತಿದ್ದಲು ಯಾರಿಗೂ ಸಿಗುವುದಿಲ್ಲ. ಚಾರ್ಟರ್ಡ್ ಅಕೌಂಟೆಂಟ್ ಸಹಿ ಇದ್ದರೆ ಅದರ ಜೊತೆ ಯುಡಿಐಎನ್ ಎಂಬ 18 ಅಕ್ಷರಾಂಕಿಗಳ ಗುರುತು ಇರಲೇಬೇಕು. ಅದನ್ನು ಬ್ಯಾಂಕಿನವರು ನಮ್ಮ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಪೋರ್ಟಲಿನಲ್ಲಿ ಕುಳಿತಲ್ಲೇ ಪರೀಕ್ಷಿಸುತ್ತಾರೆ. 2019ಕ್ಕೆ ಮೊದಲು ರಬ್ಬರ್ ಸ್ಟಾಂಪಿನಲ್ಲಿ ನಡೆಯುತ್ತಿದ್ದ ಆಟಗಳು ಈಗ ನಡೆಯುವುದಿಲ್ಲ.

‘ಹಾಗಾದರೆ ಸಣ್ಣವರಿಗೆ ಲೆಕ್ಕಪತ್ರವೇ ದಂಡ’ ಎಂದು ಗೊಣಗುವವರು ಒಂದು ಸಂಶೋಧನೆಯ ಬಗ್ಗೆ ತಿಳಿಯಬೇಕು. ಅಮೆರಿಕದಲ್ಲಿ ಷೇರುಪೇಟೆಯ ಹೊರಗಿರುವ ಖಾಸಗಿ ಕಂಪನಿಗಳಿಗೆ ಲೆಕ್ಕಪರಿಶೋಧನೆ ಕಡ್ಡಾಯವಲ್ಲ. ಹಾಗಿದ್ದೂ ತಾವಾಗಿ ಮಾಡಿಸಿದವರಿಗೂ ಮಾಡಿಸದವರಿಗೂ ಬಡ್ಡಿಯಲ್ಲಿ ವ್ಯತ್ಯಾಸ ಇದೆಯೇ ಎಂದು ಮೈಕೆಲ್ ಮಿನಿಸ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿತು. ಪರಿಶೋಧನೆಯಾದ ಲೆಕ್ಕ ಕೊಟ್ಟವರಿಗೆ ಬಡ್ಡಿ ಕಡಿಮೆ ಬಿದ್ದಿತ್ತು. ಬಡ್ಡಿ ಗೊತ್ತುಮಾಡುವಾಗ ಸಾಲ ಕೊಡುವವರು ಅಂಥ ಅಂಕಿಗಳಿಗೆ ಹೆಚ್ಚು ತೂಕ ಕೊಟ್ಟಿದ್ದರು. ಅದೇ ಮಿನಿಸ್ ಮುಂದೆ ಆಂಡ್ರ್ಯೂ ಸದರ್ಲೆಂಡ್ ಜೊತೆ ಸಣ್ಣ ಸಾಲಗಳನ್ನು ನೋಡಿದಾಗ ಕಂಡದ್ದು, ಅಲ್ಲಿನ ಬ್ಯಾಂಕುಗಳೂ ಎಷ್ಟೋ ಸಲ ಬ್ಯಾಲೆನ್ಸ್ ಶೀಟಿನ ಬದಲು ತೆರಿಗೆ ರಿಟರ್ನ್ ಕೇಳುತ್ತವೆ ಎಂದು. ಕಾರಣ ಊಹಿಸುವುದು ಕಷ್ಟವಲ್ಲ. ತೆರಿಗೆ ಇಲಾಖೆಯ ಮುಂದೆ ಯಾರೂ ಆದಾಯವನ್ನು ಹಿಗ್ಗಿಸಿ ಹೇಳುವುದಿಲ್ಲ.

ನನ್ನ ಸಿಡುಕಿಗೆ ಹಿಂದಿನ ಒಂದು ಘಟನೆಯೂ ಕಾರಣ. ವೃತ್ತಿಗೆ ಬಂದ ಹೊಸತರಲ್ಲಿ ಗ್ರಾನೈಟ್ ಪಾಲಿಷ್ ಘಟಕವೊಂದರ ಮಾಲೀಕರಿಗೆ ಮುಂದಿನ ವರ್ಷಗಳ ಅಂದಾಜು ಪಟ್ಟಿ ಬರೆದುಕೊಟ್ಟೆ. ‘ನಿಜವಾದ ಲಾಭ ರಿಟರ್ನಿಗಿಂತ ಮೂರು ಪಟ್ಟು’ ಎಂದು ಅವರು ಹೇಳಿದ್ದನ್ನು ನಂಬಿದೆ. ಸಾಲ ಬಂತು, ಯಂತ್ರವೂ ಬಂತು. ಎರಡನೆಯ ವರ್ಷಕ್ಕೆ ಗೊತ್ತಾಯಿತು, ರಿಟರ್ನಿನ ಅಂಕಿಯೇ ಹೆಚ್ಚುಕಡಿಮೆ ನಿಜವಾಗಿತ್ತು. ಲೆಕ್ಕ ಬರೆಯದ ಆ ಮನುಷ್ಯ ತನ್ನ ಗಲ್ಲಾದಲ್ಲಿ ಓಡಾಡುವ ಹಣವನ್ನೆಲ್ಲ ಲಾಭವೆಂದುಕೊಂಡಿದ್ದರು. ಅಡವಿಟ್ಟ ಮನೆ ಹೋಯಿತು. ನಿಮ್ಮ 11 ಲಕ್ಷವೂ ಬಾಯಿಲೆಕ್ಕವೇ ಎಂಬ ಅನುಮಾನ ನನಗಿದೆ, ಬೇಸರಿಸಬೇಡಿ. ನಿಮ್ಮ ಸಂಬಳ, ಶೆಡ್ಡಿನ ಸವಕಳಿ, ಮನೆಯವರ ದುಡಿಮೆ ಇವನ್ನೆಲ್ಲ ಕಳೆದು ನೋಡಿದ್ದೀರಾ?

ಹಾಗಾದರೆ ಮಾಡುವುದೇನು? ಈ ವರ್ಷದಿಂದ ಬಂದದ್ದೆಲ್ಲ ಒಂದೇ ಚಾಲ್ತಿ ಖಾತೆಗೆ ಬರಲಿ. ಮನೆಗೆ ತಿಂಗಳಿಗೊಮ್ಮೆ ಒಂದೇ ಮೊತ್ತ ಹೋಗಲಿ. ನಿಜವಾದ ಆದಾಯವನ್ನು ಗಡುವಿನೊಳಗೆ ತೋರಿಸಿ. ಮೂರು ವರ್ಷದ ರಿಟರ್ನುಗಳನ್ನು ಒಂದೇ ವಾರದಲ್ಲಿ ಏರಿಸಿ ಸಲ್ಲಿಸುವ ಜಾಣತನ ಬೇಡ. ಬ್ಯಾಂಕಿನವರು ಮೊದಲು ನೋಡುವುದೇ ಸಲ್ಲಿಸಿದ ದಿನಾಂಕವನ್ನು. ಯಂತ್ರಕ್ಕಲ್ಲದೆ ದಿನನಿತ್ಯದ ವ್ಯಾಪಾರ ನಡೆಸಲು ಬೇಕಾಗುವ ದುಡಿಯುವ ಬಂಡವಾಳದ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಾಯಕ್ ಸಮಿತಿಯ ಹಳೆಯ ಸೂತ್ರ ಈಗಲೂ ಬಳಕೆಯಲ್ಲಿದೆ: ನಿರೀಕ್ಷಿತ ವಹಿವಾಟಿನ ಶೇ 20 ಬ್ಯಾಂಕಿನದು, ಶೇ 5 ನಿಮ್ಮದು. 90 ಲಕ್ಷಕ್ಕೆ ಅದು 18 ಲಕ್ಷ. ಆದರೆ ಖಾತೆಯಲ್ಲಿ ಕಾಣುವ ವಹಿವಾಟು 55 ಲಕ್ಷವಾದರೆ 11 ಲಕ್ಷ ಮಾತ್ರ. ನನ್ನನ್ನು ಕೇಳಿದರೆ 18 ಸಿಕ್ಕರೂ 12 ತೆಗೆದುಕೊಳ್ಳಿ. ಬ್ಯಾಂಕಿನ ಮಿತಿ ಅವರ ಧೈರ್ಯದ ಅಳತೆ, ನಿಮ್ಮದಲ್ಲ. ಸರ್ಕಾರದ ಸಾಲ ಖಾತರಿ ಯೋಜನೆ ಇದೆಯಲ್ಲ ಎನ್ನಬೇಡಿ. ಆ ಖಾತರಿ ಬ್ಯಾಂಕಿನ ನಷ್ಟಕ್ಕೆ. ನಿಮ್ಮ ಕಂತು ಮನ್ನಾ ಆಗುವುದಿಲ್ಲ.

ನನ್ನ ಶುಲ್ಕ ಎಷ್ಟೆಂದು ಕೇಳಿದ್ದಿರಿ. ಲೆಕ್ಕ ಬರೆಯುವುದಕ್ಕೆ ಹೇಳುತ್ತೇನೆ, ಲೆಕ್ಕ ‘ಮಾಡುವುದಕ್ಕೆ’ ಇಲ್ಲ.

ಪ್ರಶ್ನೆ: ಜಿಎಸ್‌ಟಿ ನೋಟಿಸಿನ ಭಯಕ್ಕೆ ಅಂಗಡಿಯ ಕ್ಯೂಆರ್ ಕೋಡ್ ತೆಗೆದುಹಾಕಿದ್ದೇನೆ. ಸರಿಯಲ್ಲವೇ?

ಉತ್ತರ: ತಪ್ಪು. 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ನವರು ‘ನಗದು ಮಾತ್ರ’ ಎಂದು ಬೋರ್ಡು ಹಾಕಿದ್ದನ್ನು ನಾನೂ ನೋಡಿದ್ದೇನೆ. ನೋಟಿಸ್ ಬಂದದ್ದು ಯುಪಿಐ ಬಳಸಿದ್ದಕ್ಕಲ್ಲ, ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷದ ಮಿತಿ ದಾಟಿದ ಮೇಲೂ ನೋಂದಣಿ ಮಾಡಿಸದಿದ್ದಕ್ಕೆ. ಮಿತಿ ನಗದಿಗೂ ಅನ್ವಯಿಸುತ್ತದೆ. ಹಾಲು, ತಾಜಾ ತರಕಾರಿ ಮಾರುವವರಿಗೆ ತೆರಿಗೆಯೇ ಇಲ್ಲ. ಆ ಉತ್ತರವನ್ನು ಬರೆದುಕೊಟ್ಟರೆ ಸಾಕಿತ್ತು. ಸರಕು ಮಾರುವ ಉಳಿದ ಸಣ್ಣ ವ್ಯಾಪಾರಿಗಳಿಗೆ ಒಂದೂವರೆ ಕೋಟಿ ವಹಿವಾಟಿನವರೆಗೆ ಶೇ 1ರ ರಾಜಿ ತೆರಿಗೆ (ಕಾಂಪೊಸಿಷನ್ ಸ್ಕೀಮ್) ಇದೆ. ಬೆಂಗಳೂರಿನ ಐಐಎಂನ ಪುಲಕ್ ಘೋಷ್ ಮತ್ತು ಅವರ ಸಹಸಂಶೋಧಕರು ಭಾರತದ ಸಣ್ಣ ವ್ಯಾಪಾರಿಗಳ ಸಾಲದ ಅರ್ಜಿಗಳನ್ನು ಪರಿಶೀಲಿಸಿದಾಗ, ನಗದುರಹಿತ ಪಾವತಿ ಹೆಚ್ಚು ಪಡೆದವರಿಗೆ ಫಿನ್‌ಟೆಕ್ (ಆನ್‌ಲೈನಿನಲ್ಲೇ ಸಾಲ ಕೊಡುವ ಕಂಪನಿಗಳ) ಸಾಲ ಸಿಗುವ ಸಾಧ್ಯತೆ ಹೆಚ್ಚು, ಬಡ್ಡಿ ಕಡಿಮೆ ಎಂದು ಕಂಡಿತು. ನೀವು ಹರಿದುಹಾಕಿದ್ದು ನಿಮ್ಮ ಪರವಾಗಿದ್ದ ಸಾಕ್ಷಿಯನ್ನು.

ಪ್ರಶ್ನೆ: ಐದು ಸಾವಿರ ಕೊಟ್ಟರೆ ಸಿಬಿಲ್ ಸ್ಕೋರನ್ನು 800ಕ್ಕೆ ಏರಿಸುತ್ತೇವೆ ಎನ್ನುತ್ತಾರೆ.

ಉತ್ತರ: ಕಳ್ಳರು. ಸ್ಕೋರು ಬರುವುದು ಸಾಲ ಕೊಟ್ಟವರು ಕಳಿಸುವ ಮಾಹಿತಿಯಿಂದ, ನಡುವೆ ಕೈಹಾಕಲು ಯಾರಿಗೂ ಬಾಗಿಲಿಲ್ಲ. ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತ. ತಪ್ಪಿದ್ದರೆ ನೀವೇ ದೂರು ಕೊಡಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೇ ಬರಬೇಕು.

ಪ್ರಶ್ನೆ: ಮುದ್ರಾ ಸಾಲಕ್ಕೆ ಏಜೆಂಟ್ ಶೇ 10 ಕಮಿಷನ್ ಕೇಳುತ್ತಿದ್ದಾನೆ.

ಉತ್ತರ: ಮುದ್ರಾಗೆ ಏಜೆಂಟರಿಲ್ಲ. ಮುಂದಿನ ಪತ್ರ.

ಪ್ರಶ್ನೆ: ಹೊಲಿಗೆ ಅಂಗಡಿ ನಡೆಸುತ್ತೇನೆ. ಯಾವ ಅಕೌಂಟಿಂಗ್ ಸಾಫ್ಟ್‌ವೇರ್ ಕೊಳ್ಳಲಿ?

ಉತ್ತರ: ಯಾವುದೂ ಬೇಡ. ಡೊಮಿನಿಕನ್ ಗಣರಾಜ್ಯದಲ್ಲಿ ಸಾಲ ಪಡೆದ ಸಣ್ಣ ವ್ಯಾಪಾರಿಗಳಲ್ಲಿ ಕೆಲವರಿಗೆ ಪುಸ್ತಕದ ಪ್ರಕಾರ ಲೆಕ್ಕಶಾಸ್ತ್ರವನ್ನೂ ಕೆಲವರಿಗೆ ಸರಳ ರೂಢಿ ನಿಯಮಗಳನ್ನೂ ಕಲಿಸಿದ ಪ್ರಯೋಗವೊಂದು 2014ರಲ್ಲಿ ಪ್ರಕಟವಾಯಿತು. ಶಾಸ್ತ್ರ ಕಲಿತವರಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಸುಧಾರಿಸಿದ್ದು ಮನೆಯ ಹಣ ಒಂದು ಡ್ರಾಯರಿನಲ್ಲಿ, ಅಂಗಡಿಯ ಹಣ ಇನ್ನೊಂದರಲ್ಲಿ ಎಂಬಂಥ ನಿಯಮ ಕಲಿತವರ ಲೆಕ್ಕ. ಎರಡು ಡಬ್ಬಿ, ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಅಂಗಡಿಯ ಡಬ್ಬಿಯಿಂದ ಮನೆಗೆ ಹಣ ಒಯ್ದ ದಿನ ನೋಟ್‌ಬುಕ್ಕಿನಲ್ಲಿ ನಿಮ್ಮ ಹೆಸರಿಗೇ ಬರೆದುಕೊಳ್ಳಿ. ಆರು ತಿಂಗಳ ನಂತರ ಆ ಪುಟಗಳನ್ನು ನನಗೆ ಕಳಿಸಿ, ಆಗ ಸಾಫ್ಟ್‌ವೇರಿನ ಮಾತಾಡೋಣ.