ಪೊಲೀಸ್ ನಾಯಿಯ ತಳಿಯ ಮರಿ ಮಕ್ಕಳಿರುವ ಮನೆಗೆ ಹೊಂದುತ್ತಾ?

ನೀವು ಬರೆದಿರುವುದು ಇಷ್ಟು. ದಾವಣಗೆರೆಯ ವಿದ್ಯಾನಗರದಲ್ಲಿ 30–40ರ ಸೈಟಿನಲ್ಲಿ ಸ್ವಂತ ಮನೆ. ಮುಂದೆ ಎರಡು ಸ್ಕೂಟರ್ ನಿಲ್ಲುವಷ್ಟು ಜಾಗ, ಮೇಲೆ ತಾರಸಿ. ನೀವೂ ನಿಮ್ಮ ಯಜಮಾನರೂ ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆಯಲ್ಲಿ ಅತ್ತೆಯವರು, 10 ವರ್ಷದ ಮಗಳು, 6 ವರ್ಷದ ಮಗ. ಯಜಮಾನರ ಸ್ನೇಹಿತರ ಹತ್ತಿರ ಬೆಲ್ಜಿಯನ್ ಮಾಲಿನೋಯ್ಸ್ ಮರಿಗಳಿವೆ, 45 ದಿನ ತುಂಬಿದ ಮೇಲೆ ಒಂದನ್ನು ಕೊಡುತ್ತೇನೆ ಅಂದಿದ್ದಾರೆ. ಚಿಕ್ಕದರಿಂದ ಪ್ರೀತಿಯಿಂದ ಬೆಳೆಸಿದರೆ ಮನೆ ನಾಯಿ ಆಗುತ್ತೆ ಅಲ್ವಾ ಅನ್ನೋದು ನಿಮ್ಮ ಪ್ರಶ್ನೆ.

ನೇರವಾಗಿ ಹೇಳಿಬಿಡುತ್ತೇನೆ. ನೀವು ವಿವರಿಸಿದ ಮನೆಗೆ ಈ ಮರಿ ಬೇಡ. ತಳಿ ಕೆಟ್ಟದ್ದು ಅಂತಲ್ಲ, ನಿಮ್ಮ ಪ್ರೀತಿಯ ಮೇಲೆ ಅನುಮಾನವೂ ಇಲ್ಲ. ನಿಮ್ಮ ದಿನಚರಿಯಲ್ಲಿ ಅದಕ್ಕೆ ಕೊಡಲು ಕೆಲಸ ಇಲ್ಲ, ಅಷ್ಟೇ. ನಾನು ಚಿತ್ರದುರ್ಗದಲ್ಲಿ, ತುರುವನೂರು ರಸ್ತೆ ಕಡೆ ಇರುವವನು. ಕೆಲಸದ ಸಾಲಿನ, ಅಂದರೆ ಅಂದಕ್ಕಲ್ಲದೆ ಕೆಲಸಕ್ಕೆಂದೇ ಆರಿಸಿ ಮರಿ ಮಾಡಿಸಿದ ವಂಶದ, ಜರ್ಮನ್ ಶೆಫರ್ಡ್ ಸಾಕಿದ್ದೇನೆ. ಹೆಸರು ದುರ್ಗಿ. ಅವಳ ಜೊತೆ ಬದುಕಿ ಗೊತ್ತಾದದ್ದನ್ನೇ ಬರೆಯುತ್ತಿದ್ದೇನೆ.

ಪ್ರೀತಿ ಕೊಟ್ಟರೆ ನಾಯಿ ನಿಮ್ಮನ್ನು ನಂಬುತ್ತದೆ, ನಿಮ್ಮ ಹಿಂದೆಯೇ ಸುತ್ತುತ್ತದೆ. ಆದರೆ ಓಡಬೇಕು, ಹಿಡಿಯಬೇಕು, ಕಚ್ಚಿ ಹಿಡಿದು ಬಿಡಬಾರದು ಅನ್ನುವ ತುಡಿತ ಅದರಿಂದ ಕಡಿಮೆಯಾಗುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಇಲ್ಲಿ ಅದು ಅಕ್ಷರಶಃ ನಿಜ. ಮಾಲಿನೋಯ್ಸ್ ಮೂಲದಲ್ಲಿ ಬೆಲ್ಜಿಯಂನ ಕುರಿ ಕಾಯುವ ನಾಯಿ. ಆಮೇಲೆ ಪೊಲೀಸರು, ಸೈನ್ಯದವರು ಅದನ್ನು ತಮ್ಮ ಕೆಲಸಕ್ಕೆ ಆರಿಸಿಕೊಂಡರು. ಯಾವ ನಾಯಿ ಸುಸ್ತಾಗದೆ ಓಡುತ್ತದೋ, ಯಾವುದು ತೋಳಿಗೆ ಬಾಯಿ ಹಾಕಿದರೆ ಬಿಡುವುದಿಲ್ಲವೋ, ಅದರಿಂದಲೇ ಮರಿ ಮಾಡಿಸುತ್ತಾ ಬಂದರು. ಈಗ ನಿಮ್ಮ ಕೈಗೆ ಬರುವ ಮರಿ ಆ ಆಯ್ಕೆಯ ಫಲ. ಅದು ತಂಟೆ ಮಾಡುತ್ತಿಲ್ಲ, ಹುಟ್ಟಿದ್ದೇ ಆ ಕೆಲಸಕ್ಕೆ.

ನಿಮ್ಮ ದಾವಣಗೆರೆಯವರಿಗೆ ತುಂಗಾಳ ಬಗ್ಗೆ ಹೇಳಬೇಕಾಗಿಲ್ಲ. ಜಿಲ್ಲಾ ಪೊಲೀಸರ ಬಳಿ ಇದ್ದ ಡಾಬರ್‌ಮನ್. 2020ರಲ್ಲಿ ಚನ್ನಗಿರಿ ತಾಲ್ಲೂಕಿನ ಒಂದು ಕೊಲೆ ಪ್ರಕರಣದಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಜಾಡು ಹಿಡಿದು ಓಡಿ ಆರೋಪಿಯ ಹತ್ತಿರ ಪೊಲೀಸರನ್ನು ಕರೆದೊಯ್ದವಳು. ಈಗ ಪೊಲೀಸ್ ಶ್ವಾನದಳಗಳಲ್ಲಿ ಮಾಲಿನೋಯ್ಸ್ ಕೂಡ ಹೆಸರು ಮಾಡಿದೆ. ಆ ಸುದ್ದಿ ಓದಿ ಎಷ್ಟೋ ಜನರಿಗೆ ಅಂಥದ್ದೇ ನಾಯಿ ಬೇಕು ಅನಿಸಿದೆ, ನನಗದು ಅರ್ಥವಾಗುತ್ತದೆ. ಆದರೆ ಫೋಟೋದಲ್ಲಿ ನಾಯಿಯ ಪಕ್ಕ ಸರಪಳಿ ಹಿಡಿದು ನಿಂತಿರುತ್ತಾರಲ್ಲ, ಅವರನ್ನು ನೋಡಿ. ಆ ನಾಯಿಯನ್ನು ನೋಡಿಕೊಳ್ಳುವುದೇ ಅವರ ಡ್ಯೂಟಿ. ಬೆಳಿಗ್ಗೆ ಓಡಿಸುವುದು, ಮೈ ಉಜ್ಜುವುದು, ತರಬೇತಿ, ಊಟ, ಮತ್ತೆ ಸಂಜೆ ಅಭ್ಯಾಸ. ನಿಮ್ಮ ಮನೆಯಲ್ಲಿ ಆ ಜಾಗದಲ್ಲಿ ಯಾರು ನಿಲ್ಲುತ್ತಾರೆ?

ನಿಮ್ಮ ಪ್ರಶ್ನೆ ಓದುವಾಗ ನನ್ನ ಮನಸ್ಸು ಹೋದದ್ದು ಅತ್ತೆಯವರ ಕಡೆಗೆ. ಬೆಳಿಗ್ಗೆ ಒಂಬತ್ತಕ್ಕೆ ನೀವಿಬ್ಬರೂ ಹೊರಟರೆ, ಮಕ್ಕಳು ಸ್ಕೂಲಿಗೆ ಹೋದರೆ, ಸಂಜೆವರೆಗೆ ಆ ನಾಯಿ ಅವರ ಪಾಲಿಗೆ. ಎಂಟು ಒಂಬತ್ತು ತಿಂಗಳಿಗೆ ಅದು 20 ಕೆ.ಜಿ. ದಾಟಿರುತ್ತದೆ, ಮೈಯೆಲ್ಲ ಬರೀ ಸ್ನಾಯು. ಖುಷಿಯಿಂದ ಮುಂಗಾಲೆತ್ತಿ ಎದೆಗೆ ಹಾರಿದರೂ ವಯಸ್ಸಾದವರು ಬೀಳುತ್ತಾರೆ. ಅವರನ್ನು ಕೂರಿಸಿಕೊಂಡು ಕೇಳಿದ್ದೀರಾ? ಮನೆಯಲ್ಲಿ ಬೇರೆಲ್ಲರೂ ಹೂಂ ಅಂದು ಅವರೊಬ್ಬರು ಹಿಂದೇಟು ಹಾಕಿದರೆ, ಅವರ ಮಾತೇ ನಡೆಯಬೇಕು.

ಇನ್ನು ಮಕ್ಕಳು. ದಸರಾ ರಜೆಗೆ ನಮ್ಮಣ್ಣನ ಮಕ್ಕಳು ಬಂದಾಗ ದುರ್ಗಿ ಮಾಡಿದ್ದನ್ನು ಹೇಳುತ್ತೇನೆ. ಹುಡುಗರು ಅಂಗಳದಲ್ಲಿ ಮುಟ್ಟಾಟ ಆಡುತ್ತಿದ್ದರು. ದುರ್ಗಿ ಮೊದಲು ಕಟ್ಟೆ ಮೇಲೆ ಮಲಗಿಯೇ ನೋಡುತ್ತಿದ್ದಳು. ಕಿವಿ ನೆಟ್ಟಗಾಯಿತು. ಆಮೇಲೆ ಮೆಲ್ಲಗೆ ಎದ್ದು, ತಲೆ ತಗ್ಗಿಸಿ, ಅವರ ಸುತ್ತ ದೊಡ್ಡ ಸುತ್ತು ಹಾಕತೊಡಗಿದಳು. ಸುತ್ತು ಚಿಕ್ಕದಾಗುತ್ತಾ ಬಂತು. ದೂರ ಓಡಿದ ಚಿಕ್ಕವನ ಹಿಂದೆ ಹೋಗಿ ಹಿಮ್ಮಡಿಗೆ ಮೂತಿಯಿಂದ ಒಂದು ಗುದ್ದು ಕೊಟ್ಟಳು. ಅವನು ಕಿರುಚಿ ವಾಪಸ್ ಓಡಿದ. ಸ್ವಲ್ಪ ಹೊತ್ತಿಗೆ ಮೂವರನ್ನೂ ನೀರಿನ ತೊಟ್ಟಿಯ ಮೂಲೆಗೆ ಸೇರಿಸಿ ಎದುರಿಗೆ ನಿಂತುಬಿಟ್ಟಳು. ಯಾರೂ ಕಲಿಸಿದ್ದಲ್ಲ, ಅವಳು ಕುರಿಯನ್ನೇ ಮೇಯಿಸಿದವಳಲ್ಲ. ಅವಳು ದೊಡ್ಡವಳು, ಕರೆದರೆ ಬರುತ್ತಾಳೆ, ಬಾಯಿ ಹಾಕುವುದಿಲ್ಲ. ಅದೇ ಆರು ತಿಂಗಳ ಮಾಲಿನೋಯ್ಸ್ ಆಗಿದ್ದರೆ ಆ ಗುದ್ದಿನ ಜಾಗದಲ್ಲಿ ಹಲ್ಲು ಇರುತ್ತಿತ್ತು. 6 ವರ್ಷದ ಹುಡುಗ ಓಡದೆ, ಕಿರುಚದೆ ಇರುವುದಕ್ಕೆ ಆಗುತ್ತಾ? ಅವನ ಸ್ನೇಹಿತರು ಸೈಕಲ್ ತಂದು ಬಾಗಿಲಲ್ಲಿ ಬೆಲ್ ಹೊಡೆಯದೆ ಇರುತ್ತಾರಾ?

ಒಂದು ಮಾತು ಇಲ್ಲೇ ಸೇರಿಸುತ್ತೇನೆ. 'ಕೆಲಸದ ತಳಿ' ಅಂತ ಎಲ್ಲವನ್ನೂ ಒಂದೇ ಗಂಟು ಕಟ್ಟಬೇಡಿ. ಯಾವ ಕೆಲಸ ಅನ್ನುವುದು ಮುಖ್ಯ. ನಮ್ಮ ಚಳ್ಳಕೆರೆ, ಹಿರಿಯೂರು ಕಡೆ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿರುತ್ತಾರೆ, ನೋಡಿದ್ದೀರಿ. ಮಂದೆಯ ಪಕ್ಕ ಎರಡೋ ಮೂರೋ ನಾಯಿ. ಹಗಲಲ್ಲಿ ಜಾಲಿ ಗಿಡದ ನೆರಳಲ್ಲಿ ಸತ್ತ ಹಾಗೆ ಮಲಗಿರುತ್ತವೆ. ಕತ್ತಲಾದರೆ ಮೈಯೆಲ್ಲ ಕಿವಿ, ಹೊಸಬರು ಹತ್ತಿರ ಸುಳಿಯುವ ಹಾಗಿಲ್ಲ. ಅದು ಕಾವಲಿನ ಕೆಲಸ. ಇಂಥ ನಾಯಿ ಮನೆಯೊಳಗೆ ಶಾಂತ, ಆದರೆ ರಾತ್ರಿ ಬೊಗಳುತ್ತೆ, ನೆಂಟರನ್ನು ನಂಬಲ್ಲ. ಬಾಗಲಕೋಟೆಯ ಮುಧೋಳ ನಾಯಿ ಬೇಟೆಯದು. ಕಣ್ಣಿಗೆ ಬಿದ್ದದ್ದನ್ನು ಅಟ್ಟುತ್ತೆ, ಬಾಣದ ಹಾಗೆ ಹೋಗುತ್ತೆ, ಆಮೇಲೆ ಗಂಟೆಗಟ್ಟಲೆ ಮಲಗುತ್ತೆ. ಕೂದಲು ಚಿಕ್ಕದು, ನಮ್ಮ ಬಿಸಿಲು ತಡೆಯುತ್ತೆ. ಆದರೆ ಪಕ್ಕದ ಮನೆಯ ಬೆಕ್ಕು, ಕೋಳಿ ಉಳಿಯುವುದು ಕಷ್ಟ, ಕಾಂಪೌಂಡ್ ಗಿಡ್ಡ ಇದ್ದರೆ ಹಾರುತ್ತೆ, ಬೈದರೆ ಮುದುಡಿಕೊಳ್ಳುತ್ತೆ. ಹಸ್ಕಿ ಹಿಮದಲ್ಲಿ ಗಾಡಿ ಎಳೆಯುವ ನಾಯಿ. ಏಪ್ರಿಲ್ ತಿಂಗಳ ದಾವಣಗೆರೆಗೆ ಅದನ್ನು ತರುವುದೇ ಹಿಂಸೆ. ಮಾಲಿನೋಯ್ಸ್ ಮತ್ತು ಕೆಲಸದ ಸಾಲಿನ ಶೆಫರ್ಡ್‌ಗಳಿಗೆ ಮನುಷ್ಯನ ಜೊತೆ ದಿನವಿಡೀ ಏನಾದರೂ ಮಾಡುತ್ತಿರಬೇಕು. ನಾಲ್ಕರಲ್ಲಿ ಮನೆಗೆ ಅತಿ ಭಾರವಾಗುವುದು ಇದೇ.

ಕೆಲಸ ಸಿಗದಿದ್ದರೆ ಏನಾಗುತ್ತದೆ ಅನ್ನುವುದನ್ನು ನಿಮ್ಮ ಊರಲ್ಲೇ ಒಂದು ಬಡಾವಣೆಯಲ್ಲಿ ನೋಡಿದ್ದೇನೆ. ಒಳ್ಳೆಯ ಮನೆಯವರು, ಊಟಕ್ಕೆ ಆರೈಕೆಗೆ ಏನೂ ಕಡಿಮೆ ಇರಲಿಲ್ಲ. ನಾಯಿ ತಾರಸಿಯಲ್ಲಿ. ನೀರಿನ ಟ್ಯಾಂಕಿನ ನೆರಳು ಬಿದ್ದ ಕಡೆ ಅದು ಒಂದೇ ಸಮನೆ ಸುತ್ತು ಹಾಕುತ್ತಿತ್ತು. ಬಲಕ್ಕೆ ಸುತ್ತು, ನಿಲ್ಲು, ಬಾಲ ಕಚ್ಚಲು ಹೋಗು, ಮತ್ತೆ ಸುತ್ತು. ಸಿಮೆಂಟಿನ ಮೇಲೆ ಅದರ ಕಾಲಿನ ಜಾಡು ಬಿದ್ದಿತ್ತು. ಹೆಸರು ಹಿಡಿದು ಕರೆದರೂ ಕಣ್ಣು ಇತ್ತ ತಿರುಗಲಿಲ್ಲ. ಆ ಸ್ಥಿತಿಗೆ ಬಂದ ಮೇಲೆ ವಾಪಸ್ ತರುವುದು ತುಂಬ ಕಷ್ಟ. ತಾರಸಿ ಇದೆ ಅಂತ ನೀವು ಬರೆದಿದ್ದಕ್ಕೇ ಇದನ್ನು ಹೇಳಿದೆ. ಖಾಲಿ ಜಾಗವನ್ನು ನಾಯಿ ತಾನಾಗಿ ಬಳಸಿಕೊಳ್ಳುವುದಿಲ್ಲ.

ಹಾಗಂತ ಓಡಿಸಿ ಓಡಿಸಿ ಸುಸ್ತು ಮಾಡಿಸುವುದೂ ಉಪಾಯವಲ್ಲ. ಬರೀ ಓಡಿಸಿದರೆ ಅದರ ದಮ್ಮು ಜಾಸ್ತಿಯಾಗಿ ಮುಂದಿನ ತಿಂಗಳು ಇನ್ನೂ ಹೆಚ್ಚು ಓಟ ಕೇಳುತ್ತದೆ. ಎಳೇ ಮರಿಯ ಕೀಲಿಗೂ ಅದು ಒಳ್ಳೆಯದಲ್ಲ. ಮೂಗಿಗೆ, ತಲೆಗೆ ಕೆಲಸ ಕೊಡಬೇಕು. ದುರ್ಗಿಗೆ ಬೆಳಗಿನ ಊಟವನ್ನು ನಾನು ತಟ್ಟೆಗೆ ಹಾಕುವುದು ಕಡಿಮೆ. ಒಣಹುಲ್ಲಿನಲ್ಲಿ ಕಾಳು ಕಾಳಾಗಿ ಚೆಲ್ಲಿ 'ಹುಡುಕು' ಅನ್ನುತ್ತೇನೆ. ಮೂಗು ನೆಲಕ್ಕೆ ಒತ್ತಿ, ಬುಸ್ ಬುಸ್ ಅಂತ ಉಸಿರು ಬಿಡುತ್ತಾ, ಒಂದೊಂದನ್ನೇ ಆರಿಸುತ್ತಾಳೆ. ಕಾಲು ಗಂಟೆಯ ಈ ಹುಡುಕಾಟಕ್ಕೆ ಒಂದು ಗಂಟೆಯ ನಡಿಗೆಗಿಂತ ಜಾಸ್ತಿ ದಣಿದು ಮಲಗುತ್ತಾಳೆ. ಇದರ ಮೇಲೆ ಬೆಳಿಗ್ಗೆ, ಸಂಜೆ ನಡಿಗೆ, ಎಳೆದಾಟದ ಆಟ, 'ಬಿಡು' ಅಂದರೆ ಬಿಡುವ ಅಭ್ಯಾಸ. ಸುಮ್ನೆ ಕೂರುವುದನ್ನೂ ಕಲಿಸಬೇಕು, ಅದು ಈ ತಳಿಗೆ ತಾನಾಗಿ ಬರುವುದಿಲ್ಲ. ಎಲ್ಲ ಸೇರಿ ದಿನಕ್ಕೆ ಎರಡು ಗಂಟೆ ಅಂದುಕೊಳ್ಳಿ. ಮೊದಲ ಎರಡು ವರ್ಷ ಮಳೆ, ಹಬ್ಬ, ಮಕ್ಕಳ ಪರೀಕ್ಷೆ ಯಾವುದೂ ನೆಪ ಆಗಬಾರದು. ಬೇಸಿಗೆಯಲ್ಲಿ ಇದೆಲ್ಲ ಬಿಸಿಲೇರುವ ಮುಂಚೆ ಮುಗಿಯಬೇಕು. ಕುಂದವಾಡ ಕೆರೆ ಏರಿ ಮೇಲೆ ಬೆಳಗಿನ ಜಾವ ಹೋಗಬಹುದು, ಒಂಬತ್ತಕ್ಕೆಲ್ಲ ಟಾರು ಕಾಯುತ್ತದೆ.

ನಿಮಗೆ ಇನ್ನೂ ಆಸೆ ಇದ್ದರೆ ಒಂದು ಕೆಲಸ ಮಾಡಿ. ಮರಿ ಇಲ್ಲದೆಯೇ ಹದಿನೈದು ದಿನ ಯಜಮಾನರು ಐದೂವರೆಗೆ ಎದ್ದು ಒಂದು ಗಂಟೆ ನಡೆದು ಬರಲಿ, ಸಂಜೆ ಆಫೀಸಿನಿಂದ ಬಂದು ಟೀ ಕುಡಿಯುವ ಮೊದಲು ಮತ್ತೆ ಒಂದು ಗಂಟೆ. ಮನೆಯ ಕೆಲಸ, ಮಕ್ಕಳ ಹೋಂವರ್ಕ್ ಯಾರ ಹೆಗಲಿಗೆ ಬೀಳುತ್ತದೆ ಅನ್ನುವುದು ವಾರದಲ್ಲೇ ಗೊತ್ತಾಗುತ್ತದೆ. ಜೊತೆಗೆ ಆ ಮರಿಯ ತಾಯಿಯ ಹತ್ತಿರ ಅರ್ಧ ದಿನ ಕಳೆಯಿರಿ, ಮಕ್ಕಳನ್ನೂ ಕರೆದುಕೊಂಡು. ಮರಿ ನೋಡಿ ತೀರ್ಮಾನ ಮಾಡಬೇಡಿ. ಆ ವಯಸ್ಸಿನಲ್ಲಿ ಎಲ್ಲ ಮರಿಯೂ ಮುದ್ದೇ. ನಿಮ್ಮ ಮನೆಯಲ್ಲಿ ಹತ್ತು ಹನ್ನೆರಡು ವರ್ಷ ಇರುವುದು ಆ ತಾಯಿಯಂಥ ನಾಯಿ. ಹೊಸಬರು ಬಂದಾಗ ತಾಯಿ ಸ್ವಲ್ಪ ಬೊಗಳಿ, ಮೂಸಿ, ಹೋಗಿ ಮಲಗುತ್ತಾ? ಅಥವಾ ಸರಪಳಿ ಜಗ್ಗುತ್ತಲೇ ಇರುತ್ತಾ? ಸ್ನೇಹಿತರು ತಾಯಿಯನ್ನು ತೋರಿಸಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ಕೈಬಿಡಿ.

ಮರಿಗಳ ನಡುವೆ ಕೂತು ಒಂದು ಬೀಗದ ಕೈ ಗೊಂಚಲು ನೆಲಕ್ಕೆ ಬೀಳಿಸಿ. ಬೆಚ್ಚಿ, ಆಮೇಲೆ ಬಂದು ಮೂಸುವ ಮರಿ ಒಳ್ಳೆಯದು. ಬೆಚ್ಚಿ ಮೂಲೆ ಸೇರಿ ಹೊರಗೆ ಬಾರದ್ದು ಬೇಡ. ಗೊಂಚಲನ್ನೇ ಕಚ್ಚಿ ಗುರ್ ಅನ್ನುತ್ತಾ ಎಳೆದುಕೊಂಡು ಹೋಗುವುದನ್ನು ಎಲ್ಲರೂ ಭೇಷ್ ಅನ್ನುತ್ತಾರೆ, ಅದು ಪೊಲೀಸರಿಗೆ ಸರಿ, ನಿಮಗಲ್ಲ. ಇಷ್ಟಾದರೂ ಇದು ಆ ಹೊತ್ತಿನ ಮರಿಯನ್ನಷ್ಟೇ ತೋರಿಸುತ್ತದೆ, ತಾಯಿ ತಂದೆಯ ಗುಣವೇ ಹೆಚ್ಚು ಹೇಳುವುದು.

45 ದಿನಕ್ಕೆ ಮಾತ್ರ ಒಪ್ಪಬೇಡಿ. ನಾಯಿಮರಿ ಸಾಕಣೆ ಮತ್ತು ಮಾರಾಟದ 2017ರ ಕೇಂದ್ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಕಾರಣವೂ ಇದೆ. ಒಡಹುಟ್ಟಿದವುಗಳ ಜೊತೆ ಕಚ್ಚಾಡುತ್ತಲೇ ಮರಿ ಎಷ್ಟು ಜೋರಾಗಿ ಕಚ್ಚಬಾರದು ಅನ್ನುವುದನ್ನು ಕಲಿಯುತ್ತದೆ. ಈ ತಳಿಯಲ್ಲಂತೂ ಆ ಪಾಠ ತಪ್ಪಲೇಬಾರದು. ಲಸಿಕೆಯನ್ನು ನಿಮ್ಮ ಪಶುವೈದ್ಯರು ಹೇಳಿದ ಹಾಗೆ ಸರದಿಯಲ್ಲಿ ಹಾಕಿಸಿ. ಅದು ಮುಗಿಯುವವರೆಗೆ ಬೀದಿಯಲ್ಲಿ ಇಳಿಸಬೇಡಿ, ಆದರೆ ಎತ್ತಿಕೊಂಡು ಹೊರಗೆ ಹೋಗಿ ಆಟೋ, ಬಸ್ಸು, ಜನ, ಗದ್ದಲ ಎಲ್ಲ ತೋರಿಸಿ.

ನಾಯಿ ಬೇಕೇ ಬೇಕು, ಮಕ್ಕಳು ಹಟ ಹಿಡಿದಿದ್ದಾರೆ ಅಂದರೆ ನನ್ನ ಆಯ್ಕೆ ಹೀಗೆ. ಮೊದಲು, ಸ್ವಭಾವ ಗೊತ್ತಿರುವ ಎರಡು ಮೂರು ವರ್ಷದ ಬೆಳೆದ ನಾಯಿ. ಮಕ್ಕಳ ಜೊತೆ ಹೇಗಿರುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ, ಊಹೆ ಮಾಡಬೇಕಾಗಿಲ್ಲ. ಅದು ಸಿಗದಿದ್ದರೆ ನಿಮ್ಮ ಬೀದಿಯಲ್ಲೇ ಹುಟ್ಟಿದ ನಾಡ ನಾಯಿಯ ಮರಿ. ತಾಯಿಯನ್ನು ದಿನಾ ನೋಡುತ್ತೀರಿ, ಹವೆಗೆ ಹೊಂದಿದ ಮೈ, ಅರ್ಧ ಗಂಟೆ ಬೆಳಿಗ್ಗೆ, ಅರ್ಧ ಗಂಟೆ ಸಂಜೆ ನಡೆದರೆ ಬಹುಪಾಲು ತೃಪ್ತಿ. ಲ್ಯಾಬ್ರಡಾರ್ ಕೂಡ ಬೇಟೆಗಾರರ ಕೆಲಸದ ನಾಯಿಯೇ, ಅದಕ್ಕೂ ಓಡಾಟ ಬೇಕು. ಆದರೆ ಒಂದು ದಿನ ತಪ್ಪಿದರೆ ಅದು ತಡೆದುಕೊಳ್ಳುತ್ತದೆ.

ನಿಮ್ಮ ಮನೆಯಲ್ಲಿ ಯಾರಾದರೂ ತೋಟದ ಕೆಲಸದವರಿದ್ದು, ದಿನವಿಡೀ ನಾಯಿಯನ್ನು ಜೊತೆಗೆ ಕರೆದೊಯ್ಯುವ ಹಾಗಿದ್ದರೆ, ಮಕ್ಕಳು ಇನ್ನು ಐದಾರು ವರ್ಷ ದೊಡ್ಡವರಾಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಸರಿಯಾದ ಕೈಯಲ್ಲಿ ಈ ನಾಯಿಯಂಥ ಜೊತೆಗಾರ ಇನ್ನೊಂದಿಲ್ಲ, ಅದನ್ನು ನಾನು ದಿನಾ ಅನುಭವಿಸುತ್ತೇನೆ.

ಬೇಡ ಅಂತ ತೀರ್ಮಾನವಾದರೆ ಸ್ನೇಹಿತರಿಗೆ ಈ ವಾರವೇ ಹೇಳಿಬಿಡಿ, ಸಂಕೋಚ ಬೇಡ. ಮರಿಗೆ ಮೂರು ತಿಂಗಳು ತುಂಬುವುದರೊಳಗೆ ಅದು ತನ್ನ ಮನುಷ್ಯನನ್ನು ಸೇರಿದರೆ ಒಳ್ಳೆಯದು. ನೀವು ನೋಡೋಣ ನೋಡೋಣ ಅಂತ ತಳ್ಳಿದಷ್ಟೂ ಆ ಕಾಲ ಗೂಡಿನಲ್ಲೇ ಕಳೆದುಹೋಗುತ್ತದೆ. ತೋಟದ ಮನೆಯವರು, ನಾಯಿ ತರಬೇತಿಯನ್ನೇ ಹವ್ಯಾಸ ಮಾಡಿಕೊಂಡವರು ಯಾರಾದರೂ ಗೊತ್ತಿದ್ದರೆ ಆ ಸ್ನೇಹಿತರಿಗೆ ನೀವೇ ಪರಿಚಯ ಮಾಡಿಕೊಡಿ.